ಹಳೇ ಡಾಟ್ ಎ ಫೈಲು, ಹೊಸ ಜಿಸಿಸಿ: ಕೊನೆಗೂ ಲಿಂಕ್ ಆಯ್ತು

"ಆಗಲ್ಲ ಗುರು, ವೆಂಡರ್ರೇ ಹೊಸದಾಗಿ ಕಟ್ಟಿ ಕೊಡಬೇಕು" ಅಂತ ಟೀಮಿನಲ್ಲಿ ಎಲ್ಲರೂ ಕೈಚೆಲ್ಲಿದ್ದರು. ಹಳೇ ಕಂಪೈಲರಿನಲ್ಲಿ ಕಟ್ಟಿದ ಸಿ ಪ್ಲಸ್ ಪ್ಲಸ್ ಲೈಬ್ರರಿಯನ್ನು ನಮ್ಮ ಹೊಸ ಕಂಪೈಲರಿನ ಪ್ರೋಗ್ರಾಮಿಗೆ ಲಿಂಕ್ ಮಾಡೋದು, ಅಂದರೆ ಜೋಡಿಸೋದು, ನಮ್ಮ ಕೆಲಸ. ವೆಂಡರ್ ಕೇಳಿದ್ದು ಹೆಚ್ಚುಕಮ್ಮಿ ಎರಡು ಲಕ್ಷ. ಈಗ ಅದೇ ಹಳೇ ಲೈಬ್ರರಿ ಏಳೆಂಟು ತಿಂಗಳಿಂದ ನಮ್ಮ ಪ್ರಾಜೆಕ್ಟಿನಲ್ಲಿ ಓಡುತ್ತಿದೆ.

ಸ್ಕ್ಯಾನರ್ ಒಂದರ ಲೈಬ್ರರಿ ಅದು. ಬರೀ ಡಾಟ್ ಎ, ಅಂದರೆ ಆಗಲೇ ಕಂಪೈಲ್ ಆದ ಫೈಲು; ಸೋರ್ಸ್ ಇಲ್ಲ. ಸೆಂಟ್‌ಓಎಸ್ 7 ಅನ್ನೋ ಲಿನಕ್ಸಿನ ಜಿಸಿಸಿ 4.8 ಕಂಪೈಲರಿನಲ್ಲಿ ಕಟ್ಟಿದ್ದು. ನಮ್ಮದು ಉಬುಂಟು 22.04, ಜಿಸಿಸಿ 11. ಲಿಂಕ್ ಮಾಡಿದರೆ ಪರದೆ ತುಂಬಾ ಅನ್‌ಡಿಫೈನ್ಡ್ ರೆಫರೆನ್ಸ್ (ಹೆಸರಿದೆ, ಕೋಡ್ ಸಿಗ್ತಿಲ್ಲ ಅನ್ನೋ ಎರರ್), ಪ್ರತಿ ಸ್ಟ್ರಿಂಗ್ ಹೆಸರಿನಲ್ಲೂ ಸಿಎಕ್ಸ್ಎಕ್ಸ್11 ಅನ್ನೋ ಗುರುತು. 2015ರಲ್ಲಿ ಜಿಸಿಸಿ 5 ಬಂದಾಗ ಎಬಿಐ (ಕಂಪೈಲ್ ಆದ ತುಣುಕುಗಳು ಒಂದಕ್ಕೊಂದು ಮಾತಾಡೋ ಕಟ್ಟಳೆ) ಬದಲಾಯ್ತಲ್ಲ, ಅದೇ ರಗಳೆ.

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದೆ. ಎಬಿಐ ಫ್ಲ್ಯಾಗನ್ನು ಸೊನ್ನೆ ಮಾಡಿ, ಅಂದರೆ ಹಳೇ ಎಬಿಐಗೆ ತಿರುಗಿಸಿ, ಇಡೀ ಪ್ರಾಜೆಕ್ಟ್ ಕಟ್ಟಿದೆ. ವೆಂಡರ್ ಎರರ್ ಹೋಯ್ತು, ಹೊಸ ಎಬಿಐನಲ್ಲಿ ಕಟ್ಟಿದ್ದ ಬೂಸ್ಟ್ ಮತ್ತು ಪ್ರೋಟೋಬಫ್ ಲೈಬ್ರರಿಗಳು ಕಿರುಚತೊಡಗಿದವು. ಆ ಕಡೆ ಹೊಲಿದರೆ ಈ ಕಡೆ ಹರಿಯಿತು. ಅವೆರಡನ್ನೂ ನಾನೇ ಕಟ್ಟುತ್ತೇನೆ ಅಂತ ಕ್ಲೌಡಿನಲ್ಲಿ ದೊಡ್ಡ ಮಷೀನ್ ತಗೊಂಡೆ. ಶುಕ್ರವಾರ ಆಫ್ ಮಾಡೋದು ಮರೆತೆ. ಬಿಲ್ಲು ಒಂಬತ್ತು ಸಾವಿರದ ಹತ್ತಿರ. ಮ್ಯಾನೇಜರ್ ಏನೂ ಹೇಳಲಿಲ್ಲ, ಸುಮ್ನೆ ಸ್ಕ್ರೀನ್‌ಶಾಟ್ ಕಳಿಸಿದರು.

ಕ್ಲ್ಯಾಂಗ್ ಅನ್ನೋ ಬೇರೆ ಕಂಪೈಲರ್ ಜೊತೆ ಅದರದೇ ಸ್ಟ್ಯಾಂಡರ್ಡ್ ಲೈಬ್ರರಿ ಲಿಬ್‌ಸಿ ಪ್ಲಸ್ ಪ್ಲಸ್ ಹಾಕಿ ಒಂದು ಸಂಜೆ ಕಳೆದೆ. ಅದರ ನೇಮ್‌ಸ್ಪೇಸೇ ಬೇರೆ, ಇನ್ನೂ ಕೆಟ್ಟಿತು. ಕುತೂಹಲಕ್ಕೆ ಮಾಡಿದ್ದು ಬಿಡಿ.

ಆಮೇಲೆ ಹೊಳೆಯಿತು. ಇನ್ನೂರು ಚಿಲ್ಲರೆ ಫಂಕ್ಷನ್ನುಗಳಲ್ಲಿ ನಮಗೆ ಬೇಕಾಗಿದ್ದು ಹದಿನಾಲ್ಕೋ ಹದಿನೈದೋ. ವೆಂಡರ್ ಹೆಡರನ್ನು ಒಂದೇ ಒಂದು ಫೈಲಿನಲ್ಲಿ ಸೇರಿಸಿದೆ. ಆ ಫೈಲಿಗೆ ಮಾತ್ರ ಫ್ಲ್ಯಾಗ್ ಸೊನ್ನೆ. ಹೊರಗೆ ಕಾಣೋದು ಎಕ್ಸ್‌ಟರ್ನ್ ಸಿ ಫಂಕ್ಷನ್ (ಸಿ ಭಾಷೆಯ ಸರಳ ರೂಪದ್ದು) ಅಷ್ಟೇ: ಕ್ಯಾರ್ ಪಾಯಿಂಟರ್, ಉದ್ದ, ಇಂಟ್. ಸ್ಟ್ರಿಂಗ್ ದಾಟುವಂತಿಲ್ಲ, ಎಕ್ಸೆಪ್ಷನ್ನೂ ದಾಟುವಂತಿಲ್ಲ, ಒಳಗೇ ಹಿಡಿದು ನಂಬರ್ ಮಾಡಿ ಕಳಿಸಬೇಕು. ಅದನ್ನು ಪ್ರತ್ಯೇಕ ಡಾಟ್ ಎಸ್ಒ, ಅಂದರೆ ಓಡುವಾಗ ಲೋಡ್ ಆಗೋ ಲೈಬ್ರರಿ, ಮಾಡಿದೆ. ಪುಣ್ಯಕ್ಕೆ ಡಾಟ್ ಎ ಫೈಲನ್ನು ಎಫ್‌ಪಿಕ್ (ಮೆಮೊರಿಯಲ್ಲಿ ಎಲ್ಲಿಟ್ಟರೂ ಓಡುವಂತೆ ಮಾಡೋ ಆಯ್ಕೆ) ಹಾಕಿಯೇ ಕಟ್ಟಿದ್ದರು. ಇಲ್ಲದಿದ್ದರೆ ರಿಲೊಕೇಶನ್ ಎರರಿನಲ್ಲೇ ಕಥೆ ಮುಗೀತಿತ್ತು. ಜಿಸಿಸಿಯ ಸ್ಟ್ಯಾಂಡರ್ಡ್ ಲೈಬ್ರರಿ ಲಿಬ್‌ಎಸ್‌ಟಿಡಿಸಿ ಪ್ಲಸ್ ಪ್ಲಸ್ಸಿನಲ್ಲಿ ಎರಡೂ ಎಬಿಐ ಇರೋದರಿಂದ ಒಂದೇ ಪ್ರೊಸೆಸ್ಸಿನಲ್ಲಿ ಜಗಳ ಇಲ್ಲ. ಒಳಗಿನ ಫಂಕ್ಷನ್ ಹೆಸರುಗಳನ್ನು (ಸಿಂಬಲ್) ಹೊರಗೆ ಕಾಣದಂತೆ ಮುಚ್ಚೋಕೆ ನಾನು ಬರೆದ ವರ್ಷನ್ ಸ್ಕ್ರಿಪ್ಟ್ ಮಾತ್ರ ಇಲ್ಲಿ ಹಾಕಲ್ಲ, ಅದು ಹೊಟ್ಟೆಪಾಡಿನ ಪ್ರಶ್ನೆ.

ಲಿಂಕ್ ಆದ ಮೊದಲ ದಿನವೇ ಸ್ಕ್ಯಾನ್ ಐಡಿ ಜಾಗದಲ್ಲಿ ಕಸ ಬಂತು. ನೋಡಿದರೆ ಫಂಕ್ಷನ್ ಮುಗಿದ ಕೂಡಲೇ ಮಾಯವಾಗೋ ಲೋಕಲ್ ಸ್ಟ್ರಿಂಗಿನ ಪಾಯಿಂಟರನ್ನೇ ಹೊರಗೆ ಕಳಿಸಿದ್ದೆ. ಹದಿನೈದು ವರ್ಷದ ಸರ್ವಿಸ್! ಯಾರಿಗೂ ಗೊತ್ತಾಗೋ ಮುಂಚೆ ಕರೆ ಮಾಡುವವರ ಬಫರಿಗೆ ಕಾಪಿ ಆಗುವಂತೆ ತಿದ್ದಿದೆ.

ಉಳಿದವರ ಮಷೀನುಗಳದ್ದು ಬೇರೆ ತಾಪತ್ರಯ. ಒಬ್ಬನಿಗೆ ಕಂಪೈಲರ್ ಬದಲಿಸಿದರೂ ಹಳೇ ಎರರೇ. ಅರ್ಧ ದಿನ ತಲೆ ಕೆರೆದ ಮೇಲೆ ತಿಳಿಯಿತು, ಬಿಲ್ಡ್ ಫೋಲ್ಡರ್ ಅಳಿಸಿರಲೇ ಇಲ್ಲ. ಬಿಲ್ಡ್ ನಡೆಸೋ ಸಿಮೇಕ್ ಮೊದಲ ಸಲ ಹಿಡಿದ ಕಂಪೈಲರನ್ನು ಕ್ಯಾಶಿನಲ್ಲಿ ಬಿಗಿಯಾಗಿ ಇಟ್ಟುಕೊಳ್ಳುತ್ತೆ ಅಲ್ವಾ. ಇನ್ನೊಬ್ಬಳ ಲ್ಯಾಪ್‌ಟಾಪಿನಲ್ಲಿ ಜಿಸಿಸಿ 13, ಅಲ್ಲಿ ಯುಇಂಟ್8 (8 ಬಿಟ್ ಸಂಖ್ಯೆಯ ಟೈಪು) ಯಾರು ಅಂತ ಕೇಳಿತು. ಸಿಎಸ್‌ಟಿಡಿಇಂಟ್ ಹೆಡರ್ ಒಂದು ಸಾಲು ಸೇರಿಸಿದ್ದಕ್ಕೆ ಸರಿಹೋಯ್ತು. ಆಮೇಲೆ ಎಲ್ಲರಿಗೂ ಒಂದೇ ಡಾಕರ್ ಇಮೇಜ್, ಅಂದರೆ ಟೂಲ್‌ಗಳೆಲ್ಲ ಸೇರಿದ ರೆಡಿ ಪರಿಸರ, ಕೊಟ್ಟೆ. ಒಮ್ಮೆ ಕಂಪೈಲ್ ಆದದ್ದನ್ನು ನೆನಪಿಟ್ಟುಕೊಳ್ಳೋ ಸಿಕ್ಯಾಶ್ ಹಾಕಿದ ಮೇಲೆ ನಲವತ್ತು ನಿಮಿಷದ ಬಿಲ್ಡು ಆರೇಳಕ್ಕೆ ಇಳಿದಿದೆ.

ಹೋದ ತಿಂಗಳು ವೆಂಡರ್ ಕಡೆಯಿಂದ ಫೋನ್ ಬಂತು. ಒಂದೂವರೆ ಲಕ್ಷಕ್ಕೆ ಮಾಡಿಕೊಡ್ತಾರಂತೆ.