ಉಚ್ಚಾರ ತಿಳಿಯದಿದ್ದರೆ ಮೊದಲು ತಾರೀಖು ಹೇಳಿಸಿ
ಪುಣೆಯ ಐಟಿ ಕಂಪನಿಗಳ ಪ್ರದೇಶವಾದ ಹಿಂಜವಡಿಯಲ್ಲಿ ಕುಳಿತು ಪರದೇಶದವರೊಡನೆ ಫೋನಿನಲ್ಲಿ ಇಂಗ್ಲಿಷ್ ಮಾತನಾಡಬೇಕಾದ ನಮ್ಮವರು, ಕೆಲಸದ ವಿಷಯಕ್ಕೆ ಹೋಗುವ ಮುನ್ನ ಮುಂದಿನ ಮೀಟಿಂಗಿನ ವಾರ, ತಾರೀಖು, ಸಮಯಗಳನ್ನು ಅವರ ಬಾಯಿಂದಲೇ ಹೇಳಿಸಿಕೊಳ್ಳುವುದು ಒಳ್ಳೆಯದು. ಈ ಪದಗಳು ನಮಗೆ ಮೊದಲೇ ಗೊತ್ತಿರುವುದರಿಂದ, ಯಾವ ಸ್ವರ ಎತ್ತ ಸರಿದಿದೆ ಎಂಬುದನ್ನಷ್ಟೇ ಕಿವಿ ಗುರುತಿಸಿಕೊಳ್ಳುತ್ತದೆ: ಆಸ್ಟ್ರೇಲಿಯದವರ ‘ಏಯ್ಟ್’ ನಮಗೆ ‘ಐಟ್’ ಎಂದು ಕೇಳಿಸಿದರೆ ಅವರ ‘ಪೇಮೆಂಟ್’ ಕೂಡ ‘ಪೈಮೆಂಟ್’ ಎಂದೇ ಕೇಳಿಸುತ್ತದೆ, ನ್ಯೂಜಿಲೆಂಡಿನವರ ‘ಟೆನ್’ ‘ಟಿನ್’ನಂತಾದರೆ ‘ಚೆಕ್’ ಸಹ ‘ಚಿಕ್’ಗೆ ಹತ್ತಿರವಾಗುತ್ತದೆ. ಧಾರವಾಡ, ಮಂಗಳೂರು ಎರಡೂ ಕಡೆಯ ಕನ್ನಡಕ್ಕೆ ಒಗ್ಗಿದ ಕಿವಿಗೆ ಇದೇನೂ ಹೊಸ ವಿದ್ಯೆಯಲ್ಲ. ಆದರೆ ಸ್ಕಾಟ್ಲೆಂಡಿನ ಗ್ಲಾಸ್ಗೋದವರು ‘ಸ್ಮಾಲ್’ ಎನ್ನಬೇಕಾದಲ್ಲಿ ‘ವೀ’ ಎಂದಾಗ ಈ ಉಪಾಯ ನಡೆಯದು, ಏಕೆಂದರೆ ಅಲ್ಲಿ ಬದಲಾಗಿರುವುದು ಸ್ವರವಲ್ಲ, ಪದವೇ. ಲೈನು ಕೆಟ್ಟಿದ್ದರಂತೂ ಇಮೇಲಿನಲ್ಲಿ ಬರೆಸಿಕೊಳ್ಳುವುದೇ ಲೇಸು.