ಸೌಟು ಹಿಡಿದು ಗಂಡಭೇರುಂಡಕ್ಕೆ ನೆರಳು ಕೊಟ್ಟೆ

ಸೆಟ್‌ನಲ್ಲಿ ನಾನು ಸ್ಟೀಲ್ ಸೌಟು ಹಿಡಿದು ನಿಂತಾಗಲೆಲ್ಲ ಕ್ಯಾಮೆರಾ ಹುಡುಗ ಕೇಳುತ್ತಿದ್ದ, "ಸಾಂಬಾರ್ ಎಲ್ಲಣ್ಣಾ?" ಈಗ ನಮ್ಮ ಸಿನಿಮಾಕ್ಕೆ ಗ್ರಾಫಿಕ್ಸ್‌ನಲ್ಲಿ ಮಾಡಿದ ಗಂಡಭೇರುಂಡದ ಎರಡು ತಲೆಯ ನೆರಳೂ ಬೀಳಬೇಕಾದ ಜಾಗದಲ್ಲೇ ಬಿದ್ದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೇ ಸಿನಿಮಾದಲ್ಲಿ ಮರ್ಯಾದೆ ಹೋಗಿತ್ತು. ಶೆಟ್ಟಿಹಳ್ಳಿ ಚರ್ಚ್‌ಗೆ ಹೀರೋ ತೆಪ್ಪದಲ್ಲಿ ಬರುವ ವೈಡ್ ಶಾಟ್ ತೆಗೆದಿದ್ದು ಅಕ್ಟೋಬರ್‌ನಲ್ಲಿ. ಆಮೇಲೆ ಕೈಯಲ್ಲಿ ದುಡ್ಡಿಲ್ಲ. ಕ್ಲೋಸಪ್‌ಗೆ ಫೆಬ್ರವರಿಯಲ್ಲಿ ಹೋದರೆ ಹೇಮಾವತಿ ಹಿನ್ನೀರು ಇಳಿದಿದೆ, ಚರ್ಚ್ ಪಕ್ಕ ದನ ಮೇಯುತ್ತಿವೆ. ಗ್ರಾಫಿಕ್ಸ್‌ನಲ್ಲಿ ನೀರು ತುಂಬಿಸುತ್ತೇನೆ ಅಂತ ಒಬ್ಬರು 40,000 ತೆಗೆದುಕೊಂಡರು. ಅಲೆ ಬಂತು, ಗೋಡೆಯ ಪ್ರತಿಬಿಂಬ ಮಾತ್ರ ಬರಲಿಲ್ಲ. ಹಾಸನದಲ್ಲಿ ತೋರಿಸಿದಾಗ ಒಬ್ಬ ಹುಡುಗ ಜೋರಾಗಿ ಕೇಳಿದ, "ಅಂಕಲ್, ತೆಪ್ಪ ಇಳಿಯೋಷ್ಟರಲ್ಲಿ ಗಡ್ಡ ಬಂತಾ?"

ಎರಡನೆಯದಕ್ಕೆ ಸಕಲೇಶಪುರದ ಮಂಜರಾಬಾದ್ ಕೋಟೆ. 1792ರಲ್ಲಿ ಟಿಪ್ಪು ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರ. ಮೂಲೆಗಳೆಲ್ಲ ಒಂದೇ ಥರ, ಆದರೆ ಯಾವಾಗ ನೋಡಿದರೂ ಒಂದು ಗೋಡೆಗೆ ಬಿಸಿಲು, ಪಕ್ಕದ್ದಕ್ಕೆ ನೆರಳು. ಯಾವ ಮೂಲೆ ಅಂತ ಮರೆತರೆ ಎಡಿಟ್‌ನಲ್ಲಿ ಕಥೆ ಮುಗಿಯಿತು. ಪ್ರತಿ ಶಾಟ್‌ಗೂ ಮೂಲೆಯ ನಂಬರ್ ಬರೆದ ಸ್ಲೇಟು ಹಿಡಿಸಿದೆ. ಕತ್ತಿ ಯಾವ ಕೈಯಲ್ಲಿ, ಮೇಣದಬತ್ತಿ ಎಷ್ಟು ಬೆರಳು ಉರಿದಿದೆ, ಎಲ್ಲವೂ ತಂಗಿಯ ಲಾಂಗ್‌ಬುಕ್‌ನಲ್ಲಿ. ಅವಳ ಕಣ್ಣು ತಪ್ಪಿಸುವುದು ಕಷ್ಟ. ಎಡಿಟರ್ ಒಂದು ಶಾಟನ್ನು ಸುಮ್ನೆ ಎಡ-ಬಲ ಉಲ್ಟಾ ಮಾಡಿ ಹಾಕಿದ್ದ. ಕಂಕಣ ಕೈ ಬದಲಿಸಿದ್ದನ್ನು ಹಿಡಿದವಳೂ ಅವಳೇ.

ಇನ್ನು ಸೌಟು. ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಅಂತ ತಿಳಿಯಲು ದೊಡ್ಡವರು ಕ್ರೋಮ್ ಚೆಂಡು, ಅಂದರೆ ಕನ್ನಡಿ ಥರ ಹೊಳೆಯುವ ಚೆಂಡು ಇಡುತ್ತಾರೆ. ನನ್ನದು 120 ರೂಪಾಯಿ ಸೌಟಿನ ಬೆನ್ನು. ಶಾಟ್ ಮುಗಿದ ತಕ್ಷಣ, ಕ್ಯಾಮೆರಾ ಅಲ್ಲಾಡಿಸದೆ, ಹಕ್ಕಿ ನಿಲ್ಲುವ ಜಾಗದಲ್ಲಿ ಹತ್ತು ಸೆಕೆಂಡ್ ಹಿಡಿಯುವುದು. ಅದರಲ್ಲಿ ಸೂರ್ಯನ ಚುಕ್ಕೆ ಎಲ್ಲಿದೆಯೋ ನೋಡಿ, ಹಕ್ಕಿ ಮಾಡಿದ ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಲೈಟ್ ಇಟ್ಟೆ. ಸೌಟು ಪೂರ್ತಿ ಗುಂಡಗಿಲ್ಲ, ಆದರೂ ಬಿಸಿಲಿನ ದಿಕ್ಕಿಗೆ ಸಾಕು. ಜೊತೆಗೆ, ನೆರಳು ಎಷ್ಟು ಗಾಢ ಅಂತ ನೋಡಲು ಹೊಳಪಿಲ್ಲದ ಬೂದು ಬಣ್ಣದ ಪ್ಲಾಸ್ಟಿಕ್ ಚೆಂಡು. ಮೊದಲ ದಿನ ಹೊಳೆಯುವ ಪೇಂಟ್ ಬಳಿದುಬಿಟ್ಟಿದ್ದೆ, ಇಡೀ ದಿನದ್ದು ದಂಡ. ಊಟ, ಜೀಪು ಸೇರಿ ಒಂಬತ್ತು ಸಾವಿರ ಹೋಯಿತು.

ಉಳಿದದ್ದು ಮಾವನ ಕಾಫಿ ಕಣದಲ್ಲಿ. ನಟರ ಹಿಂದೆ ಕಟ್ಟಿದ ಪರದೆಯ ಬಣ್ಣವನ್ನು ಕಂಪ್ಯೂಟರ್ ಅಳಿಸುತ್ತದೆ, ಅಲ್ಲಿ ಬೇರೆ ದೃಶ್ಯ ಕೂರಿಸುವುದು. ತೋಟದ ಮಧ್ಯೆ ಹಸಿರು ಪರದೆ ಕಟ್ಟಿದರೆ ಗಿಡವೂ ಮಾಯ, ಅಲ್ವಾ? ನೀಲಿ ಬಟ್ಟೆ ತಂದೆ, 25 ಮೀಟರ್, ಸುಮಾರು 2,800. ಆಗ ಕತ್ತಿಯಲ್ಲಿ ನೀಲಿ ಹೊಳೆದು ಅಲಗಿಗೇ ತೂತು ಬಿತ್ತು! ವಿಭೂತಿ ಸವರಿದೆ, ಸರಿಹೋಯಿತು.

ಮಧ್ಯೆ ಮಂಜಿನ ಹುಚ್ಚೂ ಹಿಡಿಯಿತು. ಕೋಟೆಯಲ್ಲಿ ಒಂದು ಶಾಟ್‌ಗೆ ಮಂಜು, ಮುಂದಿನದಕ್ಕೆ ರಣಬಿಸಿಲು. ಕಣದಲ್ಲಿ ಸಾಂಬ್ರಾಣಿ ಹಾಕಿದರೆ ಗಾಳಿ ಹೊತ್ತೊಯ್ದಿತು, ಕೆಮ್ಮಿದ್ದಷ್ಟೇ ಲಾಭ. ಕೊನೆಗೆ ರಾತ್ರಿ ಕಪ್ಪು ಬಟ್ಟೆ ಮುಂದೆ ಹೊಗೆಯನ್ನು ಬೇರೆಯೇ ಶೂಟ್ ಮಾಡಿ ಶಾಟ್‌ಗಳ ಮೇಲೆ ಹೊದಿಸಿದೆ. ಹೊಗೆ ನೆಲ ಬಿಟ್ಟು ಏಳದ ಹಾಗೆ ಏನು ಬೆರೆಸಿದೆ ಅಂತ ಮಾತ್ರ ಹೇಳಲ್ಲ.

ಒಟ್ಟು ಖರ್ಚು ಒಂದು ಲಕ್ಷ ಹತ್ತು ಸಾವಿರದ ಆಸುಪಾಸು. ಐದನೇ ಮೂಲೆಯಲ್ಲಿ ಒಂದು ತಪ್ಪು ಉಳಿದಿದೆ, ಇನ್ನೂ ಯಾರೂ ಹಿಡಿದಿಲ್ಲ. ಸೌಟನ್ನು ಆ ಕ್ಯಾಮೆರಾ ಹುಡುಗ ತನ್ನ ಶೂಟಿಂಗ್‌ಗೆ ಒಯ್ದು ತಿಂಗಳಾಯಿತು. ಅಮ್ಮ ದಿನಾ ಕೇಳುತ್ತಾರೆ.