ಸಣ್ಣ ಫ್ಲಾಟಿಗೆ ಪೀಠೋಪಕರಣ: ಉಳಿಯುವ ಜಾಗವನ್ನು ಮೊದಲು ಅಳೆಯಿರಿ

ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲಾಟಿನ ಕರಪತ್ರದಲ್ಲಿ 1,100 ಚದರಡಿ ಎಂದು ಬರೆದಿದ್ದರೆ, ಅದು ಸಾಮಾನ್ಯವಾಗಿ ಲಿಫ್ಟು, ಮೆಟ್ಟಿಲು, ಮೊಗಸಾಲೆಗಳ ಪಾಲನ್ನೂ ಸೇರಿಸಿಕೊಂಡ ಸೂಪರ್ ಬಿಲ್ಟ್‌ಅಪ್ ಲೆಕ್ಕವಾಗಿರುತ್ತದೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಹೇಳುವ ಕಾರ್ಪೆಟ್ ಏರಿಯಾದಲ್ಲಿ, ಅಂದರೆ ಮನೆಯೊಳಗೆ ಬಳಕೆಗೆ ಸಿಗುವ ನೆಲದ ಲೆಕ್ಕದಲ್ಲಿ ಕೂಡ, ಒಳಗೋಡೆಗಳು ನಿಂತ ಜಾಗ ಸೇರಿದೆ. ಮಂಚ, ಸೋಫಾ ಕೊಳ್ಳಹೊರಟವರಿಗೆ ಈ ಎರಡು ಅಂಕಿಗಳಿಂದಲೂ ಹೆಚ್ಚಿನ ಪ್ರಯೋಜನವಿಲ್ಲ. ಬೇಕಾದದ್ದು ಪ್ರತಿ ಕೋಣೆಯಲ್ಲಿ ಗೋಡೆಯಿಂದ ಗೋಡೆಗಿರುವ ಅಳತೆ ಮತ್ತು ಸಾಮಾನು ಇಟ್ಟ ಮೇಲೆ ಓಡಾಟಕ್ಕೆ ಉಳಿಯುವ ಜಾಗ.

ನೆಲಕ್ಕೆ 2 ಅಡಿ ಚೌಕದ ವಿಟ್ರಿಫೈಡ್ ಟೈಲ್ಸ್ ಹಾಕಿದ್ದರೆ ಅವನ್ನು ಎಣಿಸಿಯೇ ಅಳತೆ ತಿಳಿಯಬಹುದು, ಅರ್ಧ ಕೆಲಸ ಆದಂತೆಯೇ. ಕೊಳ್ಳಬೇಕೆಂದಿರುವ ವಸ್ತುವಿನ ಉದ್ದಗಲವನ್ನು ಹಳೆಯ ದಿನಪತ್ರಿಕೆ ಹರಡಿಯೋ ಟೇಪ್ ಅಂಟಿಸಿಯೋ ನೆಲದ ಮೇಲೆ ಗುರುತಿಸಿ, ಬಾಗಿಲುಗಳನ್ನು ಪೂರ್ತಿ ತೆರೆದಿಟ್ಟು ಸುತ್ತ ನಡೆದು ನೋಡಿ. ಒಬ್ಬರು ಹಾದುಹೋಗಲು 2 ಅಡಿ ಸಾಕು. ಇಬ್ಬರು ಎದುರಾಗುವ ಹಾದಿಗೆ 3 ಅಡಿ ಬೇಕು.

ಲೆಕ್ಕ ತಪ್ಪುವುದು ಹೆಚ್ಚಾಗಿ ಮಂಚದಲ್ಲಿ. 10 ಅಡಿ ಅಗಲ, 11 ಅಡಿ ಉದ್ದದ ಕೋಣೆಗೆ 72×78 ಇಂಚಿನ ಕಿಂಗ್ ಹಾಸಿಗೆಯ ಮಂಚ ತಂದರೆ, ತಲೆಹಲಗೆಯೂ ಸೇರಿ ಅದರ ಉದ್ದ 7 ಅಡಿಯ ಹತ್ತಿರಕ್ಕೆ ಬರುತ್ತದೆ. ಕಾಲ ಕಡೆಯ ಗೋಡೆಗೆ 2 ಅಡಿ ಆಳದ ವಾರ್ಡ್‌ರೋಬ್ ಮಾಡಿಸಿದರೆ ನಡುವೆ ಉಳಿಯುವುದು 2 ಅಡಿ. ಒಂದೂವರೆ ಅಡಿಯ ಕದ ತೆರೆದಾಗ ಅದರೆದುರು ನಿಲ್ಲುವುದಕ್ಕೇ ಎಡೆಯಿರುವುದಿಲ್ಲ. ಬದಲಿಗೆ 60 ಇಂಚು ಅಗಲದ ಕ್ವೀನ್ ಮಂಚವನ್ನು ಒಂದು ಪಕ್ಕದ ಗೋಡೆಗೆ ಒತ್ತರಿಸಿ, ವಾರ್ಡ್‌ರೋಬನ್ನು ಇನ್ನೊಂದು ಪಕ್ಕಕ್ಕೆ ತಂದರೆ ನಡುವೆ ಸುಮಾರು 3 ಅಡಿ ಸಿಗುತ್ತದೆ. ಗೋಡೆ ಕಡೆ ಮಲಗಿದವರು ಏಳುವಾಗ ಇನ್ನೊಬ್ಬರನ್ನು ದಾಟಬೇಕಾಗುತ್ತದೆ ಎಂಬುದು ನಿಜ, ಆದರೆ ದಿನವಿಡೀ ಮೈ ಓರೆ ಮಾಡಿಕೊಂಡು ಓಡಾಡುವುದಕ್ಕಿಂತ ಅದು ವಾಸಿ. ಸ್ಲೈಡಿಂಗ್ ಕದಗಳು ಮುಂದಿನ ಜಾಗ ಉಳಿಸುತ್ತವೆಯಾದರೂ ಆಳದಲ್ಲಿ ಎರಡು ಮೂರು ಇಂಚು ಹೆಚ್ಚು ಕೇಳುತ್ತವೆ. ಪಕ್ಕಕ್ಕೆ ಎಳೆಯುವ ಡ್ರಾಯರಿನ ಮಂಚಕ್ಕೆ ಆ ಬದಿಯಲ್ಲಿ ಖಾಲಿ ಜಾಗ ಬೇಕು. ಕಾಲ ಕಡೆಯಿಂದ ಮೇಲೇಳುವ ಹೈಡ್ರಾಲಿಕ್ ಮಂಚಕ್ಕೆ ಅದು ಬೇಡ.

ಅಂಗಡಿಯ ಎತ್ತರದ ಛಾವಣಿಯ ಕೆಳಗೆ ಹಗುರವಾಗಿ ಕಾಣುವ ಸೋಫಾ ನಮ್ಮ ಹಾಲಿನಲ್ಲಿ ಇಡೀ ಗೋಡೆಯನ್ನು ನುಂಗುವುದುಂಟು. ಮೊದಲು ಅದರ ಕೈಗಳನ್ನು ಅಳೆಯಿರಿ: 9 ಇಂಚು ದಪ್ಪದ ಎರಡು ಕೈಗಳೆಂದರೆ ಯಾರೂ ಕೂರಲಾಗದ ಒಂದೂವರೆ ಅಡಿ. ತೆಳುಗೈಯ, 32 ಇಂಚಿಗಿಂತ ಹೆಚ್ಚು ಆಳವಿಲ್ಲದ, ಕಿಟಕಿಯ ಕೆಳಅಂಚನ್ನು ಬೆನ್ನು ಮೀರದ ಸೋಫಾ ಸಾಕು. ಬಾಡಿಗೆ ಮನೆಯವರು ಎಲ್ ಆಕಾರದ ಸೋಫಾದ ಗೊಡವೆಗೆ ಹೋಗದಿರುವುದೇ ಲೇಸು, ಏಕೆಂದರೆ ಎಡಮೂಲೆಗೆ ಕೊಂಡದ್ದು ಮುಂದಿನ ಮನೆಯ ಬಲಮೂಲೆಗೆ ಹೊಂದುವುದಿಲ್ಲ. ಸೋಫಾ ಕಮ್ ಬೆಡ್ಡನ್ನು ಬಿಚ್ಚಿದ ಸ್ಥಿತಿಯಲ್ಲೇ ಅಳೆಯಬೇಕು. ನನ್ನನ್ನು ಕೇಳಿದರೆ, ಊರಿಂದ ಬಂದ ನೆಂಟರಿಗೆ ಮಲಗಲೂ ಆಗುವ, ಕೈಗಳಿಲ್ಲದ, 6 ಅಡಿ ಉದ್ದ, ಎರಡೂವರೆ ಅಡಿ ಅಗಲದ ನಮ್ಮ ಹಳೆಯ ದಿವಾನಾವೇ ಅದಕ್ಕಿಂತ ಮೇಲು.

ಊಟದ ಮೇಜಿಗೆ ತಲಾ 2 ಅಡಿ ಅಂಚು, ಕುರ್ಚಿಯ ಹಿಂದೆ ಎಳೆಯಲು ಎರಡೂವರೆ ಅಡಿ ಎಂದಿಟ್ಟುಕೊಳ್ಳಿ. ನಾಲ್ಕು ಚಿಕ್ಕ ಕಪಾಟುಗಳಿಗಿಂತ ಛಾವಣಿಯವರೆಗಿನ ಒಂದೇ ಕಪಾಟು ಕೋಣೆಯನ್ನು ಕಡಿಮೆ ತುಂಬುತ್ತದೆ. ನೆಲದಿಂದ 6 ಇಂಚು ಎತ್ತರದ ಕಾಲುಗಳಿದ್ದರೆ ಪೊರಕೆಯೂ ಆಡುತ್ತದೆ, ನೆಲವೂ ಕಾಣುತ್ತದೆ.

ಮುಂಗಡ ಕೊಡುವ ಮುನ್ನ ಲಿಫ್ಟಿನ ಒಳ ಅಳತೆಯನ್ನೂ ಮುಂಬಾಗಿಲಿನ ಅಳತೆಯನ್ನೂ ತೆಗೆದುಕೊಳ್ಳಿ. 3 ಅಡಿ ಬಾಗಿಲೆಂದರೂ ಚೌಕಟ್ಟು, ಕದದ ದಪ್ಪ ಕಳೆದು ಸಿಗುವುದು 32–33 ಇಂಚು ಮಾತ್ರ, ಮತ್ತು ಸೋಫಾದ ಎತ್ತರ ಅಥವಾ ಆಳ, ಎರಡರಲ್ಲೊಂದು ಅದಕ್ಕಿಂತ ಕಡಿಮೆಯಿರಬೇಕು. ಬಿಚ್ಚಿ ಜೋಡಿಸುವ ಮಾದರಿಯಾದರೆ, ಮನೆಯೊಳಗೆ ತಂದು ಜೋಡಿಸಿಕೊಡುವುದು ಅಂಗಡಿಯವರ ಹೊಣೆ ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ.